ಮೊದಲ ಬಡ್ತಿಯ ಹೊತ್ತಿಗೇ ಹೆಣ್ಣುಮಕ್ಕಳು ಹಿಂದೆ ಬೀಳುವುದೇಕೆ?

2025ರ ಕೊನೆಯ ತಿಂಗಳುಗಳಲ್ಲಿ ದುಡಿಯುವ ಮಹಿಳೆಯರ ಬಗ್ಗೆ ಬಂದ ಸುದ್ದಿಗಳನ್ನು ಒಟ್ಟಿಗೆ ಓದಿದವರಿಗೆ ತಲೆ ಕೆಟ್ಟಿದ್ದರೆ ಆಶ್ಚರ್ಯವಿಲ್ಲ. ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ವರ್ಷಕ್ಕೆ 12 ದಿನ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, ಒಪ್ಪಿಗೆ ಇದ್ದರೆ ಹೆಂಗಸರು ಎಲ್ಲ ಬಗೆಯ ಸಂಸ್ಥೆಗಳಲ್ಲೂ ರಾತ್ರಿ ಪಾಳಿ ಮಾಡಬಹುದು ಎಂದಾಯಿತು. ಡಿಸೆಂಬರ್ 9ರಂದು ಹೈಕೋರ್ಟ್ ಮುಟ್ಟಿನ ರಜೆಯ ಆದೇಶಕ್ಕೆ ತಡೆ ಕೊಟ್ಟು, ಅದೇ ದಿನ ಆ ತಡೆಯನ್ನು ಹಿಂಪಡೆಯಿತು. ಅದೇ ತಿಂಗಳು ಅಮೆರಿಕದಿಂದ ಇನ್ನೊಂದು ವರದಿ ಬಂತು: ಬಡ್ತಿ ಬೇಕು ಎನ್ನುವವರ ಪ್ರಮಾಣ ಗಂಡಸರಿಗಿಂತ ಹೆಂಗಸರಲ್ಲಿ ಕಡಿಮೆಯಂತೆ. ಇತ್ತ ಕೆಲವು ಬಹುರಾಷ್ಟ್ರೀಯ ಕಂಪನಿಗಳು ಮಹಿಳೆಯರನ್ನು ಮೇಲಕ್ಕೆ ತರಲು ಹಾಕಿಕೊಂಡಿದ್ದ ಗುರಿಗಳನ್ನೇ ಕೈಬಿಟ್ಟಿವೆ.

ಹಾಗಾದರೆ ಬಾಗಿಲು ತೆರೆಯುತ್ತಿದೆಯೋ, ಮುಚ್ಚುತ್ತಿದೆಯೋ? ಮಗಳನ್ನು ದಾವಣಗೆರೆಯ ಬಾಪೂಜಿ ಇಂಜಿನಿಯರಿಂಗ್ ಕಾಲೇಜಿಗೋ ಯುಬಿಡಿಟಿಗೋ ಚಿತ್ರದುರ್ಗದ ಎಸ್‌ಜೆಎಂಗೋ ಸೇರಿಸಿ, ಕ್ಯಾಂಪಸ್ ಸಂದರ್ಶನಕ್ಕೆ ಕಾಯುತ್ತಿರುವ ಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಬೇಕಿದೆ. ಕೆಲಸ ಸಿಗುವುದು ಈಗ ಅಷ್ಟು ಕಷ್ಟದ ಭಾಗವಲ್ಲ. ಕಷ್ಟ ಶುರುವಾಗುವುದು ಕೆಲಸಕ್ಕೆ ಸೇರಿದ ಮೂರನೇ ವರ್ಷದ ಆಸುಪಾಸಿನಲ್ಲಿ.

ವರದಿ ಹೇಳಿದ್ದು ಒಂದು, ಹರಡಿದ್ದು ಇನ್ನೊಂದು

ಸಲಹಾ ಕಂಪನಿ ಮೆಕಿನ್ಸೆ ಮತ್ತು ದುಡಿಯುವ ಮಹಿಳೆಯರಿಗಾಗಿ ಇರುವ ಲೀನ್‌ಇನ್ ಸಂಸ್ಥೆಗಳು ಪ್ರತಿವರ್ಷ ಹೊರತರುವ ಈ ವರದಿ ಅಮೆರಿಕ, ಕೆನಡಾದ ಕಂಪನಿಗಳದ್ದು, ಭಾರತದ್ದಲ್ಲ. 2025ರ ಲೆಕ್ಕದಲ್ಲಿ ಅಲ್ಲಿ 100 ಗಂಡಸರು ಮೊದಲ ಬಾರಿ ಮ್ಯಾನೇಜರ್ ಹುದ್ದೆಗೆ ಏರಿದರೆ 93 ಹೆಂಗಸರು ಏರುತ್ತಾರೆ. ಇದನ್ನು ಅವರು ‘ಮುರಿದ ಮೆಟ್ಟಿಲು’ ಎಂದು ಕರೆಯುತ್ತಾರೆ. ಬಡ್ತಿ ಬೇಕು ಎಂದವರು ಗಂಡಸರಲ್ಲಿ ಶೇ 86, ಹೆಂಗಸರಲ್ಲಿ ಶೇ 80. ಈಗಷ್ಟೇ ಕೆಲಸಕ್ಕೆ ಸೇರಿದವರಲ್ಲಿ ಅಂತರ ಇನ್ನೂ ದೊಡ್ಡದು: ಶೇ 80 ಮತ್ತು ಶೇ 69.

ಸುದ್ದಿಯಾಗಿ ಹರಡಿದ್ದು ಇಷ್ಟೇ. ಇದರ ಮುಂದಿನ ಸಾಲು ವಾಟ್ಸ್‌ಆ್ಯಪ್‌ಗೆ ಬರಲಿಲ್ಲ. ಮ್ಯಾನೇಜರ್‌ನಿಂದಲೂ ಮೇಲಿನವರಿಂದಲೂ ಸಮಾನ ಬೆಂಬಲ ಸಿಕ್ಕ ಕಡೆ ಈ ಅಂತರ ಇಲ್ಲವಾಗುತ್ತದೆ ಎಂದು ಅದೇ ವರದಿ ಹೇಳುತ್ತದೆ. ಬಡ್ತಿ ಚರ್ಚೆಯಾಗುವ ಕೋಣೆಯಲ್ಲಿ ತಮ್ಮ ಪರ ಮಾತಾಡುವ ಹಿರಿಯರೊಬ್ಬರು ಇದ್ದಾರೆ ಎಂದವರು, ಆರಂಭಿಕ ಹುದ್ದೆಯ ಗಂಡಸರಲ್ಲಿ ಶೇ 45, ಹೆಂಗಸರಲ್ಲಿ ಶೇ 31. ಅಂದರೆ ಆಸೆ ಕಡಿಮೆ ಇರುವುದರಿಂದ ಬಡ್ತಿ ತಪ್ಪುತ್ತಿದೆ ಎನ್ನುವುದಕ್ಕಿಂತ, ಬಡ್ತಿ ಸಿಗುವ ಲಕ್ಷಣ ಕಾಣದ್ದರಿಂದ ಆಸೆ ಕುಗ್ಗುತ್ತಿದೆ ಎನ್ನುವುದೇ ಈ ಅಂಕಿಗಳಿಗೆ ಹೆಚ್ಚು ಹೊಂದುತ್ತದೆ. ಸಿಗದ್ದನ್ನು ಬೇಡ ಎನ್ನುವುದು ಮನುಷ್ಯ ಸ್ವಭಾವ. ಅದಕ್ಕೆ ಗಂಡು ಹೆಣ್ಣು ಎಂಬ ಭೇದವಿಲ್ಲ.

ಮೇಲೆ ಕಾನೂನು, ಕೆಳಗೆ ನೇಮಕಾತಿ, ನಡುವೆ ಖಾಲಿ

ಭಾರತದ ಚಿತ್ರ ಬೇರೆ ಬಗೆಯದು. ಕಂಪನಿಯ ತುದಿಯಲ್ಲಿ ಕಾನೂನು ಕೂತಿದೆ. 2013ರ ಕಂಪನಿ ಕಾಯ್ದೆ ಲಿಸ್ಟೆಡ್, ಅಂದರೆ ಷೇರುಪೇಟೆಯಲ್ಲಿ ನೋಂದಾಯಿಸಿದ, ಕಂಪನಿಗಳ ಆಡಳಿತ ಮಂಡಳಿಯಲ್ಲಿ ಕನಿಷ್ಠ ಒಬ್ಬ ಮಹಿಳೆ ಇರಬೇಕೆಂದಿತು. ದೊಡ್ಡ 1000 ಲಿಸ್ಟೆಡ್ ಕಂಪನಿಗಳಲ್ಲಿ ಆಕೆ ಮಾಲೀಕರ ಜತೆ ನಂಟಿಲ್ಲದ ಸ್ವತಂತ್ರ ನಿರ್ದೇಶಕಿಯೇ ಆಗಿರಬೇಕೆಂಬ, ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮ 2020ರ ಏಪ್ರಿಲ್‌ನಿಂದ ಇದೆ. ಕೆಳಗಿನ ತುದಿಯಲ್ಲಿ ಕ್ಯಾಂಪಸ್ ನೇಮಕಾತಿ ಇದೆ. ಐಟಿ, ಬ್ಯಾಂಕ್, ಬಿಪಿಒಗಳು ಹುಡುಗಿಯರನ್ನು ದೊಡ್ಡ ಸಂಖ್ಯೆಯಲ್ಲಿ ತೆಗೆದುಕೊಳ್ಳುತ್ತವೆ, ಕೆಲವು ಕಂಪನಿಗಳು ಅವರಿಗಾಗಿಯೇ ಡ್ರೈವ್ ನಡೆಸುತ್ತವೆ. ಮೆಕಿನ್ಸೆ 2025ರಲ್ಲೇ ಭಾರತದ ಖಾಸಗಿ ಕಂಪನಿಗಳ ಬಗ್ಗೆ ಹೊರತಂದ ಲೆಕ್ಕದಲ್ಲಿ ಆರಂಭಿಕ ಹುದ್ದೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಮಹಿಳೆಯರಿದ್ದರೆ, ಮ್ಯಾನೇಜರ್ ಹಂತಕ್ಕೆ ಬರುವಷ್ಟರಲ್ಲಿ ಅದು ಕಾಲು ಭಾಗಕ್ಕೆ ಇಳಿಯುತ್ತದೆ.

ಈ ಇಳಿತಕ್ಕೆ ಕಾನೂನಿನ ಮದ್ದಿಲ್ಲ. ನಿರ್ದೇಶಕಿಯನ್ನು ಹೊರಗಿನಿಂದ ಕರೆತರಬಹುದು, ಫ್ರೆಷರ್‌ಗಳನ್ನು ಕಾಲೇಜಿನಿಂದ ತರಬಹುದು. ನಡುವಿನ ಟೀಮ್ ಲೀಡ್, ಪ್ರಾಜೆಕ್ಟ್ ಮ್ಯಾನೇಜರ್, ಬ್ರಾಂಚ್ ಮ್ಯಾನೇಜರ್‌ಗಳು ಒಳಗಿನಿಂದಲೇ ಬೆಳೆಯಬೇಕು. ಮೊದಲ ಬಡ್ತಿಯಲ್ಲಿ ತಪ್ಪಿಹೋದವರು ಎರಡನೆಯದರ ಪಟ್ಟಿಯಲ್ಲಿ ಇರುವುದೇ ಇಲ್ಲವಲ್ಲ. ಮೇಲಿನ ಒಂದೊಂದು ಹಂತದಲ್ಲೂ ಸಂಪೂರ್ಣ ನ್ಯಾಯ ನಡೆದರೂ ಕೆಳಗೆ ತಪ್ಪಿದ ಲೆಕ್ಕ ಸರಿಹೋಗುವುದಿಲ್ಲ.

ಮೊದಲ ಮೂರು ವರ್ಷದಲ್ಲಿ ಆಗುವುದೇನು

ಮೇಲ್ನೋಟಕ್ಕೆ ಏನೂ ಆಗುವುದಿಲ್ಲ. ಒಟ್ಟಿಗೆ ಸೇರಿದ ಹುಡುಗ ಹುಡುಗಿ ಇಬ್ಬರಿಗೂ ಒಂದೇ ಸಂಬಳ, ಒಂದೇ ತರಬೇತಿ. ಮೊದಲ ಅಪ್ರೈಸಲ್‌ನಲ್ಲಿ ಹುಡುಗಿಗೇ ಒಳ್ಳೆಯ ರೇಟಿಂಗ್ ಬಂದಿರುವುದೂ ಉಂಟು. ವ್ಯತ್ಯಾಸ ಹುಟ್ಟುವುದು ಸಣ್ಣ ಸಣ್ಣ ಕೆಲಸಗಳ ಹಂಚಿಕೆಯಲ್ಲಿ. ಕ್ಲೈಂಟ್ ಕಾಲ್‌ನಲ್ಲಿ ಯಾರು ಮಾತಾಡಬೇಕು, ರಾತ್ರಿ ಹನ್ನೊಂದಕ್ಕೆ ಸಿಸ್ಟಮ್ ಕೆಟ್ಟಾಗ ಯಾರಿಗೆ ಫೋನ್ ಹೋಗಬೇಕು, ಹೊಸ ಮಾಡ್ಯೂಲ್ ಯಾರ ಕೈಗೆ, ವಿದೇಶದ ಕ್ಲೈಂಟ್ ಬಳಿ ಹೋಗಿ ಮಾಡುವ ಮೂರು ತಿಂಗಳ ಆನ್‌ಸೈಟ್ ಕೆಲಸ ಯಾರಿಗೆ. ಇವನ್ನು ಯಾವ ಪಾಲಿಸಿಯೂ ತೀರ್ಮಾನಿಸುವುದಿಲ್ಲ. ಮೂವತ್ತೈದರ ಆಸುಪಾಸಿನ ಒಬ್ಬ ಮ್ಯಾನೇಜರ್ ಚಹಾ ಕುಡಿಯುತ್ತ ತೀರ್ಮಾನಿಸುತ್ತಾನೆ. ಅವನಿಗೆ ಕೆಟ್ಟ ಉದ್ದೇಶವೇನೂ ಇರಬೇಕಾಗಿಲ್ಲ. ‘ಪಾಪ, ರಾತ್ರಿ ಹೊತ್ತು ಆ ಹುಡುಗಿಗೆ ತೊಂದರೆ ಯಾಕೆ’ ಎಂಬ ಅನುಕಂಪವೇ ಸಾಕು. ಎರಡು ವರ್ಷದ ಬಳಿಕ ಕಷ್ಟದ ಕೆಲಸ ಮಾಡಿದವನ ಹೆಸರು ಮೇಲಿನವರ ನೆನಪಿನಲ್ಲಿ ಇರುತ್ತದೆ, ತೊಂದರೆ ತಪ್ಪಿಸಿಕೊಂಡವಳದ್ದು ಇರುವುದಿಲ್ಲ.

ಕೆಲವು ಕೆಲಸಗಳು ಮಾತ್ರ ಅವಳನ್ನು ಹುಡುಕಿಕೊಂಡು ಬರುತ್ತವೆ: ಮೀಟಿಂಗ್ ಟಿಪ್ಪಣಿ, ಹೊಸಬರಿಗೆ ಪರಿಚಯ, ಆಯುಧಪೂಜೆಯ ರಂಗೋಲಿ, ರಾಜ್ಯೋತ್ಸವದ ಕಾರ್ಯಕ್ರಮ, ಎಥ್ನಿಕ್ ಡೇ ಸಮಿತಿ. ಯಾರಾದರೂ ಮಾಡಲೇಬೇಕು, ಮಾಡಿದವರಿಗೆ ಬಡ್ತಿ ಸಿಗುವುದಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞೆ ಲಿಂಡಾ ಬಾಬ್‌ಕಾಕ್ ಮತ್ತು ಸಹ ಸಂಶೋಧಕಿಯರು 2017ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಯಾರಿಗೂ ಬೇಡದ ಇಂಥ ಕೆಲಸಕ್ಕೆ ಮುಂದೆ ಬಂದವರೂ ಹೆಚ್ಚಾಗಿ ಹೆಂಗಸರೇ, ‘ನೀವು ಮಾಡುತ್ತೀರಾ’ ಎಂದು ಕೇಳಿಸಿಕೊಂಡವರೂ ಹೆಚ್ಚಾಗಿ ಹೆಂಗಸರೇ. ‘ಅವರಿಗೆ ಅದೇ ಇಷ್ಟ’ ಎಂಬ ವಿವರಣೆಗೆ ಅಲ್ಲಿ ಪೆಟ್ಟು ಬಿತ್ತು. ಗುಂಪಿನಲ್ಲಿ ಬರೀ ಗಂಡಸರಿದ್ದಾಗ ಅವರೂ ಅಷ್ಟೇ ಪ್ರಮಾಣದಲ್ಲಿ ಮುಂದೆ ಬಂದರು.

ಇನ್ನೊಂದು ಅಧ್ಯಯನವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಆಲನ್ ಬೆನ್ಸನ್, ಡೇನಿಯಲ್ ಲೀ, ಕೆಲ್ಲಿ ಶೂ ಎಂಬ ಮೂವರು ಸಂಶೋಧಕರು ಉತ್ತರ ಅಮೆರಿಕದ ದೊಡ್ಡ ಚಿಲ್ಲರೆ ಮಾರಾಟ ಕಂಪನಿಯೊಂದರ ಸುಮಾರು 30,000 ಉದ್ಯೋಗಿಗಳ ದಾಖಲೆ ತೆಗೆದುಕೊಂಡರು. ಆ ಕಂಪನಿ ಪ್ರತಿಯೊಬ್ಬರಿಗೂ ಎರಡು ಅಂಕ ಕೊಡುತ್ತಿತ್ತು: ಈ ವರ್ಷ ಮಾಡಿದ ಕೆಲಸಕ್ಕೆ ಒಂದು, ಮುಂದೆ ಬೆಳೆಯಬಹುದು ಎಂಬ ಅಂದಾಜಿಗೆ ಇನ್ನೊಂದು. ಮಾಡಿದ ಕೆಲಸದಲ್ಲಿ ಹೆಂಗಸರಿಗೆ ಸರಾಸರಿ ಹೆಚ್ಚು ಅಂಕ ಬಂದಿತ್ತು. ಅಂದಾಜಿನಲ್ಲಿ ಕಡಿಮೆ. ಬಡ್ತಿಯ ಅಂತರದಲ್ಲಿ ಶೇ 30ರಿಂದ 50ರಷ್ಟು ಈ ಅಂದಾಜಿನ ಅಂಕವೊಂದರಿಂದಲೇ ಹುಟ್ಟಿತ್ತು. ಮುಂದಿನ ವರ್ಷಗಳಲ್ಲಿ ಆ ಹೆಂಗಸರು ತಮ್ಮ ಬಗ್ಗೆ ಬರೆದಿದ್ದ ಅಂದಾಜನ್ನು ಮೀರಿ ಕೆಲಸ ಮಾಡಿ ತೋರಿಸಿದರು. ಮತ್ತೆ ಅಂದಾಜು ಬರೆಯುವಾಗ ಮತ್ತೆ ಕಡಿಮೆಯೇ ಬಂತು.

ಕೆಲಸ ಕಣ್ಣಿಗೆ ಕಾಣುತ್ತದೆ, ಅಳೆಯಬಹುದು. ‘ಬೆಳೆಯುವ ಲಕ್ಷಣ’ವನ್ನು ಅಳೆಯಲಾಗುವುದಿಲ್ಲ, ಊಹಿಸಬೇಕು. ಊಹಿಸುವವನು ತನಗೆ ಗೊತ್ತಿರುವ ನಾಯಕರ ಚಹರೆಯನ್ನು ಎದುರಿನವರಲ್ಲಿ ಹುಡುಕುತ್ತಾನೆ. ಗಟ್ಟಿ ದನಿ, ತಡವರಿಸದ ಇಂಗ್ಲಿಷ್, ಕೆಲಸ ಮುಗಿದ ಮೇಲೂ ಜತೆಗೆ ಕೂತು ಹರಟುವ ಸಲಿಗೆ. ಜಗಳೂರಿನಲ್ಲೋ ಚನ್ನಗಿರಿಯಲ್ಲೋ ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಇಂಜಿನಿಯರಿಂಗ್‌ನಲ್ಲಿ ಡಿಸ್ಟಿಂಕ್ಷನ್ ತೆಗೆದ ಹುಡುಗಿ ಈ ಪರೀಕ್ಷೆಯಲ್ಲಿ ಎರಡು ಸಲ ಸೋಲುತ್ತಾಳೆ. ಪರೀಕ್ಷೆ ನಡೆಯುತ್ತಿದೆ ಎಂದು ಅವಳಿಗೆ ಯಾರೂ ಹೇಳಿರುವುದಿಲ್ಲ.

260 ಕಿಲೋಮೀಟರು ಮತ್ತು ಇಪ್ಪತ್ತೈದನೇ ವಯಸ್ಸು

ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿ.ಮೀ. 2023ರ ಜೂನ್‌ನಲ್ಲಿ ಶುರುವಾದ ಧಾರವಾಡ ವಂದೇ ಭಾರತ್ ಇಲ್ಲಿ ನಿಲ್ಲುತ್ತದೆ, ರಾತ್ರಿ ಬಸ್ಸುಗಳಿಗೆ ಲೆಕ್ಕವಿಲ್ಲ. ಹಾಗಿದ್ದೂ ಈ ದೂರ ದಿನಾ ಓಡಾಡುವ ದೂರವಲ್ಲ. ಇಪ್ಪತ್ತೆರಡಕ್ಕೆ ಕೆಲಸಕ್ಕೆ ಸೇರಿದ ಹುಡುಗಿಗೆ ಮೊದಲ ಬಡ್ತಿಯ ಹೊತ್ತು ಬರುವುದು ಇಪ್ಪತ್ತೈದು ಇಪ್ಪತ್ತಾರಕ್ಕೆ. ಮನೆಯಲ್ಲಿ ಜಾತಕ ಹೊರಗೆ ಬರುವುದೂ ಆಗಲೇ. ಹುಡುಗ ಹುಬ್ಬಳ್ಳಿಯವನೋ ಪುಣೆಯವನೋ ಆದರೆ ಊರು ಬದಲಾಗುತ್ತದೆ, ಕಂಪನಿ ಬದಲಾಗುತ್ತದೆ. ಅಲ್ಲಿ ಅನುಭವದ ವರ್ಷಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೂ, ಇವಳ ಪರ ಮಾತಾಡಬಹುದಾಗಿದ್ದ ಹಿರಿಯರು ಹಳೆಯ ಕಂಪನಿಯಲ್ಲೇ ಉಳಿದಿರುತ್ತಾರೆ.

ಇದೇ ವಯಸ್ಸಿನ ಹುಡುಗನಿಗೆ ಮದುವೆ ಕೆಲಸದಲ್ಲಿ ನೆಲೆ ನಿಲ್ಲಲು ಕಾರಣವಾದರೆ, ಹುಡುಗಿಗೆ ಕದಲಲು ಕಾರಣವಾಗುತ್ತದೆ. 2024ರ ಸಮಯ ಬಳಕೆ ಸಮೀಕ್ಷೆಯಂತೆ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. 2023ರ ಅರ್ಥಶಾಸ್ತ್ರ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅವರು ವೇತನದ ಅಂತರವನ್ನು ವಿವರಿಸಿದ್ದೂ ಈ ದಾರಿಯಲ್ಲೇ. ಯಾವ ಹೊತ್ತಿನಲ್ಲಿ ಕರೆದರೂ ಬರುವವರಿಗೆ ಮಾಮೂಲಿಗಿಂತ ಬಹಳ ಹೆಚ್ಚು ಕೊಡುವ ಕೆಲಸಗಳಿವೆ. ಗಂಡ ಹೆಂಡತಿ ಇಬ್ಬರೂ ಅಂಥ ಕೆಲಸ ಹಿಡಿದರೆ ಮನೆ ನಡೆಯುವುದಿಲ್ಲ, ಒಬ್ಬರು ಬಿಡಬೇಕು. ಬಿಡುವವರು ಯಾರೆಂದು ಹೇಳಬೇಕಾಗಿಲ್ಲ.

ಬ್ಯಾಂಕುಗಳಲ್ಲಿ ಈ ಲೆಕ್ಕಾಚಾರ ಎಲ್ಲರಿಗೂ ಗೊತ್ತಿರುವ ವಿಷಯ. ಸಾರ್ವಜನಿಕ ವಲಯದ ಬ್ಯಾಂಕಿನಲ್ಲಿ ಕ್ಲರ್ಕ್ ಆದವಳು ಊರ ಹತ್ತಿರವೇ ಇರಬಹುದು. ಆಫೀಸರ್ ಆದರೆ ವರ್ಗಾವಣೆ ತಪ್ಪಿದ್ದಲ್ಲ. ಬಡ್ತಿ ಪರೀಕ್ಷೆಗೆ ಅರ್ಜಿಯನ್ನೇ ಹಾಕದ ಹೆಂಗಸರು ಅದಕ್ಕೇ ಇದ್ದಾರೆ. 2024ರ ನವೆಂಬರ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ, ಮಹಿಳಾ ನೌಕರರಿಗೆ ಸಾಧ್ಯವಾದಷ್ಟು ಹತ್ತಿರದ ಊರುಗಳಲ್ಲೇ ಜಾಗ ಕೊಡಿ ಎಂದು ಬ್ಯಾಂಕುಗಳಿಗೆ ಸಲಹೆ ಕೊಟ್ಟಿದ್ದರ ಹಿನ್ನೆಲೆ ಇದು. ಅರ್ಜಿ ಹಾಕದವರನ್ನು ‘ಆಸೆ ಇಲ್ಲದವರು’ ಎಂದು ಯಾವ ಸಮೀಕ್ಷೆಯೂ ಎಣಿಸಬಹುದು. ಆ ಎಣಿಕೆ ಸುಳ್ಳಲ್ಲ, ಆದರೆ ಅದರಿಂದ ಏನೂ ಗೊತ್ತಾಗುವುದಿಲ್ಲ.

ಮನೆಯಿಂದ ಕೆಲಸ ಮಾಡುವ ಅವಕಾಶ ಕೋವಿಡ್ ಕಾಲದಲ್ಲಿ ಈ ಗಂಟನ್ನು ಸ್ವಲ್ಪ ಸಡಿಲಿಸಿತ್ತು. ದಾವಣಗೆರೆಯ ವಿದ್ಯಾನಗರದ ಮನೆಯ ಮಹಡಿಯಲ್ಲಿ ಕೂತು ಬೆಂಗಳೂರಿನ ಟೀಮಿನಲ್ಲಿ ಇರುವುದು ಸಾಧ್ಯವಾಗಿತ್ತು. ಆಮೇಲೆ ಕಂಪನಿಗಳು ಆಫೀಸಿಗೆ ಕರೆದವು. ಟಿಸಿಎಸ್ 2022–23ರ ವಾರ್ಷಿಕ ವರದಿಯಲ್ಲಿ, ಕೆಲಸ ಬಿಡುವ ಮಹಿಳೆಯರ ಪ್ರಮಾಣ ಆ ವರ್ಷ ಪುರುಷರಿಗಿಂತ ಹೆಚ್ಚಾಗಿದೆ, ಹಿಂದೆ ಹೀಗಿರಲಿಲ್ಲ ಎಂದು ಹೇಳಿಕೊಂಡಿತು. ಮನೆಯಿಂದ ಕೆಲಸ ನಿಂತಿದ್ದು ಕಾರಣವಿರಬಹುದು ಎಂದು ಅದರ ಮಾನವ ಸಂಪನ್ಮೂಲ ಮುಖ್ಯಸ್ಥರೇ ಊಹಿಸಿದ್ದರು.

ತರಬೇತಿಯ ಸುತ್ತ ಜಗಳ

ಮಹಿಳೆಯರಿಗೆಂದೇ ನಾಯಕತ್ವ ತರಬೇತಿ ಬೇಕೆ ಎಂಬುದರ ಬಗ್ಗೆ ಮೂರು ದಿಕ್ಕಿನ ವಾದಗಳಿವೆ.

ಕಂಪನಿಗಳ ಎಚ್‌ಆರ್ ವಿಭಾಗದ ಮಾತು ಸರಳ: ಹುಡುಗಿಯರಿಗೆ ಆತ್ಮವಿಶ್ವಾಸ ಕಡಿಮೆ, ಮಾತಾಡಲು ಹಿಂಜರಿಯುತ್ತಾರೆ, ತರಬೇತಿ ಕೊಟ್ಟರೆ ಸರಿಹೋಗುತ್ತದೆ. ಅದಕ್ಕೆಂದು ಎರಡು ದಿನದ ಕಾರ್ಯಾಗಾರ, ಮಾರ್ಚ್ 8ರಂದು ಭಾಷಣ, ಗುಲಾಬಿ, ಕಪ್‌ಕೇಕ್. ಚಿತ್ರದುರ್ಗದಲ್ಲಾದರೆ ಅಂದಿನ ಭಾಷಣ ಒನಕೆ ಓಬವ್ವನ ಹೆಸರಿಲ್ಲದೆ ಮುಗಿಯುವುದಿಲ್ಲ. ಓಬವ್ವ ಕಿಂಡಿಯ ಬಳಿ ನಿಂತಿದ್ದು ಕಾವಲಿನ ಗಂಡ ಊಟಕ್ಕೆ ಕೂತಿದ್ದರಿಂದ. ಆ ಜವಾಬ್ದಾರಿಯನ್ನು ಅವಳಿಗೆ ಯಾರೂ ವಹಿಸಿರಲಿಲ್ಲ. ಭಾಷಣಕಾರರು ಈ ಭಾಗವನ್ನು ಯಾಕೋ ಬಿಟ್ಟುಬಿಡುತ್ತಾರೆ.

ಎರಡನೆಯ ವಾದ ಇದಕ್ಕೆ ತದ್ವಿರುದ್ಧ. ತಪ್ಪು ಕೆಲಸದ ಹಂಚಿಕೆಯಲ್ಲಿ ಇರುವಾಗ ಹೆಣ್ಣುಮಕ್ಕಳನ್ನು ರಿಪೇರಿಗೆ ಕಳಿಸುವುದೇಕೆ ಎಂದು ಕೇಳುವವರು ಇವರು. ಮೇಲಿನ ಅಧ್ಯಯನಗಳು ಇವರ ಪರವಾಗಿವೆ.

ಮೂರನೆಯ ವಾದವನ್ನು ಹಗುರವಾಗಿ ತಳ್ಳಿಹಾಕುವ ರೂಢಿ ಇದೆ, ಅದು ಸರಿಯಲ್ಲ. ಮೊಳಕಾಲ್ಮುರಿನ ರೈತನ ಮಗನಿಗೂ ಇಂಗ್ಲಿಷ್ ಬರುವುದಿಲ್ಲ, ಅವನ ಪರ ಮಾತಾಡುವ ಹಿರಿಯರೂ ಇಲ್ಲ. ಬೆಂಗಳೂರಿನ ದುಬಾರಿ ಶಾಲೆಯಲ್ಲಿ ಓದಿದ ಹುಡುಗಿಗೆ ವಿಶೇಷ ತರಬೇತಿ ಕೊಟ್ಟು ಅವನನ್ನು ಹೊರಗಿಡುವುದು ಯಾವ ನ್ಯಾಯ? ಅಮೆರಿಕದಲ್ಲಿ ಇಂಥದ್ದೇ ವಾದ ರಾಜಕೀಯದ ಬಲ ಪಡೆಯಿತು. 2025ರ ಜನವರಿಯಲ್ಲಿ ಟ್ರಂಪ್ ಸಹಿ ಹಾಕಿದ ಆದೇಶ, ಸರ್ಕಾರದ ಗುತ್ತಿಗೆ ಪಡೆಯುವ ಕಂಪನಿಗಳು ಮಹಿಳೆಯರು, ಅಲ್ಪಸಂಖ್ಯಾತರಿಗಾಗಿ ನಡೆಸುವ ವೈವಿಧ್ಯ ಕಾರ್ಯಕ್ರಮಗಳ ಮೇಲೆ ಎರಗಿತು. ಮರು ತಿಂಗಳೇ ಐಟಿ ಸಲಹಾ ಕಂಪನಿ ಅಕ್ಸೆಂಚರ್ ತನ್ನ ಜಾಗತಿಕ ಪ್ರಾತಿನಿಧ್ಯದ ಗುರಿಗಳನ್ನು ಕೈಬಿಡುವುದಾಗಿ ಹೇಳಿತು. ಅದರ ಉದ್ಯೋಗಿಗಳು ಬಹಳ ದೊಡ್ಡ ಸಂಖ್ಯೆಯಲ್ಲಿ ಇರುವುದು ಭಾರತದಲ್ಲಿ. ವಾಷಿಂಗ್ಟನ್‌ನ ಆದೇಶದ ಬಿಸಿ ಬೆಂಗಳೂರಿಗೆ, ಅಲ್ಲಿಂದ ನಮ್ಮ ಕ್ಯಾಂಪಸ್‌ಗಳಿಗೆ ತಲುಪುವುದು ಈ ದಾರಿಯಲ್ಲಿ.

ಮೊಳಕಾಲ್ಮುರಿನ ಹುಡುಗನ ದೂರಿನಲ್ಲಿ ಅರ್ಧ ನಿಜವಿದೆ. ಅವನಿಗೂ ಅನ್ಯಾಯವಾಗುತ್ತಿದೆ. ಆದರೆ ಅನ್ಯಾಯ ಮಾಡುತ್ತಿರುವುದು ಹುಡುಗಿಯರ ತರಬೇತಿಯಲ್ಲ, ಬೆಳೆಯುವ ಲಕ್ಷಣವನ್ನು ಊಹೆಯಿಂದ ಅಳೆಯುವ ಅದೇ ಪದ್ಧತಿ. ತರಬೇತಿ ನಿಲ್ಲಿಸಿದರೆ ಅವನಿಗೆ ಏನೂ ಸಿಗುವುದಿಲ್ಲ. ಯಾವ ಕೆಲಸ ಯಾರಿಗೆ ಯಾಕೆ ಹೋಯಿತು ಎಂಬುದನ್ನು ಬರೆದಿಡುವ ಕ್ರಮ ಬಂದರೆ ಇಬ್ಬರಿಗೂ ಸಿಗುತ್ತದೆ.

ತರಬೇತಿಗಳ ಹೊತ್ತೂ ತಪ್ಪಿದೆ. ಮಹಿಳಾ ನಾಯಕತ್ವದ ಕಾರ್ಯಕ್ರಮಗಳು ಸಾಮಾನ್ಯವಾಗಿ ಎಂಟು ಹತ್ತು ವರ್ಷ ಅನುಭವವಾದ ಮ್ಯಾನೇಜರ್‌ಗಳಿಗೆ. ಹದ ಹೋದ ಮೇಲೆ ಮೆಕ್ಕೆಜೋಳ ಬಿತ್ತಿದಂತೆ. ಅಷ್ಟರಲ್ಲಿ ಹೊರಗೆ ಹೋಗಬೇಕಾದವರು ಹೋಗಿಯಾಗಿರುತ್ತದೆ.

ಗಾರ್ಮೆಂಟ್ಸ್ ಕಲಿಸಿದ ಪಾಠ

ತರಬೇತಿಯಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದಕ್ಕೆ ಒಳ್ಳೆಯ ಪುರಾವೆ ಸಿಕ್ಕಿರುವುದು ಐಟಿಯಿಂದ ಅಲ್ಲ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೊಲಿಗೆ ಹೆಂಗಸರಿಗೆ ಮಾತುಗಾರಿಕೆ, ಸಮಯ ನಿರ್ವಹಣೆ, ಸಮಸ್ಯೆ ಬಿಡಿಸುವ ಕೌಶಲಗಳ ಪೇಸ್ ಎಂಬ ತರಬೇತಿ ಕೊಟ್ಟು ಅರ್ಥಶಾಸ್ತ್ರಜ್ಞರು ಫಲಿತಾಂಶ ಅಳೆದರು. ಲಾಟರಿ ಎತ್ತಿ ಕೆಲವರಿಗೆ ತರಬೇತಿ, ಉಳಿದವರಿಗೆ ಇಲ್ಲ, ಹಾಗಾಗಿ ಹೋಲಿಕೆ ಗಟ್ಟಿಯಾಗಿದೆ. ತರಬೇತಿ ಪಡೆದವರ ಉತ್ಪಾದನೆ ಶೇ 13.5ರಷ್ಟು ಏರಿತು. ಕಂಪನಿ ಹಾಕಿದ ಹಣ ಕೆಲವೇ ತಿಂಗಳಲ್ಲಿ ಹಲವು ಪಟ್ಟಾಗಿ ಬಂತು. ಆ ಹೆಂಗಸರ ಸಂಬಳ? ಶೇ 1ರಷ್ಟೂ ಏರಲಿಲ್ಲ.

ತರಬೇತಿ ಕೆಲಸ ಮಾಡುತ್ತದೆ, ಆದರೆ ಲಾಭ ತಾನಾಗಿ ಕಲಿತವರ ಕೈ ಸೇರುವುದಿಲ್ಲ. ಕಲಿತದ್ದಕ್ಕೆ ತಕ್ಕ ಹುದ್ದೆ ಎದುರಿಗೆ ಇರಬೇಕು.

ಹುದ್ದೆ ಕೊಟ್ಟರೂ ಏನಾಗುತ್ತದೆ ಎಂಬುದನ್ನು ಬಾಂಗ್ಲಾದೇಶದ ಪ್ರಯೋಗ ತೋರಿಸಿತು. ಅಲ್ಲಿನ ಗಾರ್ಮೆಂಟ್ಸ್‌ನಲ್ಲಿ ಐವರು ಕಾರ್ಮಿಕರಲ್ಲಿ ನಾಲ್ವರು ಹೆಂಗಸರು, ಇಪ್ಪತ್ತು ಸೂಪರ್‌ವೈಸರ್‌ಗಳಲ್ಲಿ ಒಬ್ಬಳು ಮಾತ್ರ ಹೆಂಗಸು. ತರಬೇತಿ ಕೊಟ್ಟು ಹೆಂಗಸರನ್ನು ಸೂಪರ್‌ವೈಸರ್ ಮಾಡಿದಾಗ ಮೊದಲ ತಿಂಗಳುಗಳಲ್ಲಿ ಅವರ ಲೈನುಗಳು ಹಿಂದೆ ಬಿದ್ದವು. ಕೈಕೆಳಗಿನವರು, ಅದರಲ್ಲೂ ಗಂಡಸರು, ಇವರ ಸಾಮರ್ಥ್ಯವನ್ನು ಕಡಿಮೆ ಎಂದೇ ಭಾವಿಸಿದ್ದರು. ನಾಲ್ಕು ತಿಂಗಳ ಹೊತ್ತಿಗೆ ಅಂತರ ಮುಚ್ಚಿಹೋಯಿತು. ಮೂರನೇ ತಿಂಗಳಲ್ಲಿ ‘ಇವಳಿಂದ ಆಗಲ್ಲ’ ಎಂದು ಕೆಳಗಿಳಿಸುವ ಮ್ಯಾನೇಜರ್‌ಗೆ ನಾಲ್ಕನೇ ತಿಂಗಳಲ್ಲಿ ಏನಾಗುತ್ತಿತ್ತು ಎಂಬುದು ಎಂದಿಗೂ ತಿಳಿಯುವುದಿಲ್ಲ. ಬೆಂಬಲ ಎನ್ನುವುದು ಈ ಮೊದಲ ತಿಂಗಳುಗಳನ್ನು ದಾಟಿಸುವುದು.

ಕಂಪನಿಯೇ ಊರಿಗೆ ಬಂದರೆ?

ಬೆಂಗಳೂರಿನಾಚೆಗೆ ಉದ್ಯಮ ಹರಡಬೇಕು ಎಂಬುದು ರಾಜ್ಯದ ನೀತಿ. ದಾವಣಗೆರೆಯಲ್ಲಿ ಎಸ್‌ಟಿಪಿಐ, ಅಂದರೆ ಕೇಂದ್ರ ಸರ್ಕಾರದ ಸಾಫ್ಟ್‌ವೇರ್ ಪಾರ್ಕ್ ಸಂಸ್ಥೆಯ ಕೇಂದ್ರವಿದೆ. ಹತ್ತಿ ಗಿರಣಿಗಳಿದ್ದ ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರಿಗೆ ಐಟಿ ಬಂದರೆ ದೂರದ ಸಮಸ್ಯೆ ಖಂಡಿತ ಕರಗುತ್ತದೆ. ಶಕ್ತಿ ಯೋಜನೆ ಬಂದ ಮೇಲೆ ಹರಿಹರ, ಚಿತ್ರದುರ್ಗದಿಂದ ಸಾಮಾನ್ಯ ಬಸ್ಸಿನಲ್ಲಿ ದಿನಾ ಬಂದು ಹೋಗಲು ಹುಡುಗಿಯರಿಗೆ ಟಿಕೆಟ್ ಖರ್ಚೂ ಇಲ್ಲ.

ಆದರೆ ಒಂದು ತೊಡಕಿದೆ. ಸಣ್ಣ ಊರಿನ ಶಾಖೆಗೆ ಸಾಮಾನ್ಯವಾಗಿ ಬರುವುದು ಸಪೋರ್ಟ್, ಡೇಟಾ, ಬಿಲ್ಲಿಂಗ್ ಬಗೆಯ ಕೆಲಸ. ತೀರ್ಮಾನ ಮಾಡುವ ಹುದ್ದೆಗಳು ಬೆಂಗಳೂರಿನಲ್ಲೇ ಉಳಿಯುತ್ತವೆ. ಆಗ ಹುಡುಗಿಗೆ ಮನೆಯ ಹತ್ತಿರ ಕೆಲಸ ಸಿಗುತ್ತದೆ, ಏರಲು ದಾರಿ ಇರುವುದಿಲ್ಲ. ಹತ್ತು ವರ್ಷದ ನಂತರ ಶಾಖೆಯ ತುಂಬ ಅನುಭವಿ ಹೆಂಗಸರು, ಅವರ ಮೇಲೆ ಬೆಂಗಳೂರಿನಿಂದ ಬಂದ ಮೂವತ್ತರ ಮ್ಯಾನೇಜರ್. ಊರಿನವರು ಉದ್ಯೋಗದ ಸಂಖ್ಯೆ ಕೇಳುತ್ತಾರೆ. ಯಾವ ಹುದ್ದೆಯವರೆಗೆ ಇಲ್ಲೇ ಬೆಳೆಯಬಹುದು ಎಂದೂ ಕೇಳಬೇಕು.

ಮುಂದೆ ಏನಾಗಬಹುದು

ಕಾನೂನುಗಳ ಪರಿಣಾಮ ಎರಡು ದಿಕ್ಕಿಗೂ ಹೋಗಬಹುದು. ರಾತ್ರಿ ಪಾಳಿಯ ಅನುಮತಿಯಿಂದ ‘ಅವಳಿಗೆ ತೊಂದರೆ ಯಾಕೆ’ ಎಂಬ ನೆಪ ಕಾಗದದ ಮೇಲಾದರೂ ಹೋಯಿತು. ಆದರೆ ಒಪ್ಪಿಗೆ ಕೇಳುವ ವಿಧಾನದಲ್ಲೇ ಎಲ್ಲವೂ ಇದೆ: ಇಲ್ಲ ಎಂದವಳ ಅಂದಾಜಿನ ಅಂಕ ಇಳಿಯುವಂತಿದ್ದರೆ ಅದು ಒಪ್ಪಿಗೆಯಲ್ಲ. ಇಎಸ್‌ಐ ವಿಮೆಯ ಆಚೆ ಇರುವವರ 26 ವಾರದ ಹೆರಿಗೆ ರಜೆಯಂತೆ ಮುಟ್ಟಿನ ರಜೆಯ ಖರ್ಚೂ ಪೂರ್ತಿ ಮಾಲೀಕರ ಮೇಲೆ ಬೀಳುವುದರಿಂದ, ಸಣ್ಣ ಸಂಸ್ಥೆಗಳು ಹೆಂಗಸರನ್ನು ತೆಗೆದುಕೊಳ್ಳಲು ಹಿಂಜರಿಯಬಹುದು ಎಂಬ ಆತಂಕ ಪೊಳ್ಳಲ್ಲ. ಅದಕ್ಕೆ ಪರಿಹಾರ ಖರ್ಚನ್ನು ಹಂಚಿಕೊಳ್ಳುವುದೇ ಹೊರತು ರಜೆ ಕೊಡದಿರುವುದಲ್ಲ.

ತರಬೇತಿಗಳು ನಿಂತರೆ ಹೆಚ್ಚು ಕಳೆದುಕೊಳ್ಳುವವರು ನಮ್ಮ ಭಾಗದ ಹುಡುಗಿಯರೇ. ಅಪ್ಪ ಚಿಕ್ಕಪ್ಪಂದಿರು ಕಂಪನಿಗಳಲ್ಲೇ ಇರುವ ಮನೆಯವರಿಗೆ ಬಡ್ತಿ ಹೇಗೆ ಸಿಗುತ್ತದೆ ಎಂಬ ತಿಳಿವಳಿಕೆ ಊಟದ ಹೊತ್ತಿಗೆ ಪುಕ್ಕಟೆ ಸಿಗುತ್ತದೆ. ಮೊದಲ ತಲೆಮಾರಿನವರಿಗೆ ಕಂಪನಿಯ ತರಬೇತಿ ಬಿಟ್ಟರೆ ಬೇರೆ ದಾರಿಯಿಲ್ಲ, ಅದು ಎಷ್ಟೇ ಅರೆಬರೆಯಾಗಿದ್ದರೂ. ಕಾಲೇಜುಗಳು ಇದನ್ನು ತುಂಬಬಹುದಿತ್ತು. ಆದರೆ ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಕಾಲೇಜುಗಳು ಕಟ್ಟುವ ಫ್ಲೆಕ್ಸುಗಳಲ್ಲಿ ಈ ವರ್ಷ ಎಷ್ಟು ಮಂದಿಗೆ ಆಫರ್ ಲೆಟರ್ ಬಂತು ಎಂಬುದಿರುತ್ತದೆ, ಐದು ವರ್ಷದ ಹಿಂದೆ ಹೋದವರು ಈಗ ಯಾವ ಹುದ್ದೆಯಲ್ಲಿದ್ದಾರೆ ಎಂಬುದಲ್ಲ. ಪ್ಲೇಸ್‌ಮೆಂಟ್ ಸೆಲ್‌ನ ಲೆಕ್ಕ ಆಫರ್ ಲೆಟರ್‌ಗೇ ಮುಗಿಯುತ್ತದೆ.

ಅಲ್ಲಿಯವರೆಗೆ ವಿದ್ಯಾರ್ಥಿನಿಯರೇ ನೋಡಿಕೊಳ್ಳಬಹುದಾದ ದಾಖಲೆಯೊಂದಿದೆ. ದೊಡ್ಡ 1000 ಲಿಸ್ಟೆಡ್ ಕಂಪನಿಗಳು 2022–23ರಿಂದ ಸೆಬಿಯ ಬಿಆರ್‌ಎಸ್‌ಆರ್ ಎಂಬ, ಉದ್ಯಮದ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯನ್ನು ಕಡ್ಡಾಯವಾಗಿ ಪ್ರಕಟಿಸಬೇಕು. ಕಂಪನಿಯ ಜಾಲತಾಣದಲ್ಲಿ ವಾರ್ಷಿಕ ವರದಿಯ ಜತೆ ಉಚಿತವಾಗಿ ಸಿಗುತ್ತದೆ. ಒಟ್ಟು ಉದ್ಯೋಗಿಗಳಲ್ಲಿ ಮಹಿಳೆಯರೆಷ್ಟು, ಉನ್ನತ ಆಡಳಿತದಲ್ಲಿ ಎಷ್ಟು, ಕೆಲಸ ಬಿಟ್ಟ ಪ್ರಮಾಣ ಗಂಡಸರಲ್ಲಿ ಎಷ್ಟು ಹೆಂಗಸರಲ್ಲಿ ಎಷ್ಟು, ಹೆರಿಗೆ ರಜೆಯಿಂದ ಮರಳಿದವರಲ್ಲಿ ಉಳಿದವರೆಷ್ಟು ಎಂಬ ಅಂಕಿಗಳು ಅದರಲ್ಲಿವೆ. ಬಡ್ತಿಯಲ್ಲಿ ಗಂಡೆಷ್ಟು ಹೆಣ್ಣೆಷ್ಟು ಎಂಬ ಲೆಕ್ಕವನ್ನು ಮಾತ್ರ ಅದು ಕೇಳುವುದಿಲ್ಲ. ಆದ್ದರಿಂದ ಕ್ಯಾಂಪಸ್ ಸಂದರ್ಶನದ ಕೊನೆಗೆ ‘ನಿಮಗೇನಾದರೂ ಕೇಳುವುದಿದೆಯೇ’ ಎಂದಾಗ ಕೇಳಬಹುದು: ಮೂರು ವರ್ಷದ ಹಿಂದೆ ಈ ಕಾಲೇಜಿನಿಂದ ನೀವು ತೆಗೆದುಕೊಂಡ ಹುಡುಗಿಯರಲ್ಲಿ ಎಷ್ಟು ಮಂದಿ ಈಗ ಟೀಮ್ ಲೀಡ್, ಹುಡುಗರಲ್ಲಿ ಎಷ್ಟು?